ಸಂಡಿಗೆಯ ಹೊಟ್ಟೆನೋವು

ನಮ್ಮೂರಿನಲ್ಲಿ ನಾಯಿಯನ್ನು ಯಾರೂ ಬಾಯಿಬಿಟ್ಟು ಕರೆಯುವುದಿಲ್ಲ. ನಾಲಿಗೆಯಿಂದ ಚ್ ಚ್ ಅನ್ನುತ್ತೇವೆ, ಇಲ್ಲವೇ ತಟ್ಟೆ ಕುಟ್ಟುತ್ತೇವೆ. ನಾಯಿ ಎದುರಿಗಿದ್ದರೆ ಗೋಡೆ ನೋಡಿಕೊಂಡು ಮಾತಾಡುವುದು ಚಿಕ್ಕಂದಿನಿಂದಲೇ ರೂಢಿಯಾಗಿಬಿಟ್ಟಿರುತ್ತದೆ. ಬಾಯಿತಪ್ಪಿ ಅಂದ ಯಾವುದೋ ಒಂದು ಪದಕ್ಕೆ ಅದು ತಿರುಗಿ ನೋಡಿತೋ, ಮುಗಿಯಿತು. ಆ ಪದವೇ ಅದರ ಹೆಸರು, ಅಂದವರೇ ಹೆಸರಿಟ್ಟವರು. ಅವತ್ತಿನಿಂದ ಅದರ ನೋವೆಲ್ಲ ಇವರ ಮೈಯಲ್ಲೂ. ಅದು ಮುಳ್ಳು ತುಳಿದರೆ ಇವರು ಅಂಗಾಲು ಹಿಡಿದುಕೊಂಡು ಕೂರಬೇಕು. ಬೆಕ್ಕು ಸಾಕುವುದು ಅಷ್ಟಿಷ್ಟು ಕ್ಷೇಮ ಅನ್ನುತ್ತಾರೆ, ಬೆಕ್ಕು ಕರೆದರೆ ತಿರುಗುವುದು ಅಪರೂಪ. ಆದರೂ ಪಕ್ಕದ ಮನೆಯ ಜುಬೇದಾಬಿಯ ಬೆಕ್ಕು ಅದೊಂದು ದಿನ ತಿರುಗಿತು, ಆಕೆ ಈಗ ಬೆಕ್ಕಿನ ದಮ್ಮಿನಿಂದ ಏದುಸಿರು ಬಿಡುತ್ತಾಳೆ.

ನನ್ನ ಅಪ್ಪ ಹೀಗೆಯೇ ವರ್ಷಗಟ್ಟಲೆ ಕುಂಟಿದವನು. ಅವನ ಕಾಲು ಗಟ್ಟಿಯಾಗಿಯೇ ಇದ್ದವು. ಕೆಟ್ಟಿದ್ದದ್ದು ನಾಯಿಯ ಸೊಂಟ. ಯಾವತ್ತೋ ಒಂದು ಮರಿ ಸೈಕಲ್ಲಿಗೆ ಅಡ್ಡ ಬಂದಾಗ "ಸರಿಯೋ" ಅಂದನಂತೆ, ಅದು ತಿರುಗಿ ನೋಡಿತು. ಆ ನಾಯಿ ಕೊನೆಯವರೆಗೂ ಸರಿಯೋ ಆಗಿಯೇ ಉಳಿಯಿತು, ಸರಿಯಲಿಲ್ಲ. ಅದು ಸತ್ತ ದಿನ ಅಪ್ಪ ನೆಟ್ಟಗೆ ನಡೆದುಕೊಂಡು ಮನೆಗೆ ಬಂದ. ಆದರೆ ಮುಖ ನೋಡಲಾಗುತ್ತಿರಲಿಲ್ಲ. ಇದೊಂದು ಉಸಾಬರಿ ನನಗೆ ಬೇಡವೇ ಬೇಡ ಎಂದು ಅವತ್ತೇ ತೀರ್ಮಾನಿಸಿಕೊಂಡೆ. ಹೊಲಿಗೆ ಯಂತ್ರ ರಿಪೇರಿ ಮಾಡಿ ಬದುಕುವವನು ನಾನು. ಯಂತ್ರಕ್ಕೆ ಏನಾದರೂ ಆದರೆ ಯಂತ್ರಕ್ಕೇ ಆಗುತ್ತದೆ. ಆ ಕೆಲಸ ನನಗೆ ಇಷ್ಟವಾಗಿದ್ದಕ್ಕೆ ಅದೂ ಒಂದು ಕಾರಣ.

ಇಂಥ ಊರಿನಲ್ಲಿ ಪ್ರಾಣಿಗಳ ಡಾಕ್ಟರಿಗೆ ಎಂಥ ಮರ್ಯಾದೆ ಇರುತ್ತದೆ, ನೀವೇ ಯೋಚಿಸಿ. ಕೋಟೆಯ ಹಿಂದಿನ ಬಯಲಿನಲ್ಲಿ ಮೂರಂತಸ್ತಿನ ಆಸ್ಪತ್ರೆ ಇದೆ. ನಾಯಿಬೆಕ್ಕುಗಳ ಕಣ್ಣಿಗೊಬ್ಬರು, ಚರ್ಮಕ್ಕೊಬ್ಬರು, ಹೃದಯಕ್ಕೊಬ್ಬರು, ಮೂತ್ರದ ಕಲ್ಲಿಗೇ ಒಬ್ಬರು. ಪ್ರತಿ ಕೋಣೆಯಲ್ಲೂ ಎರಡು ಮೇಜು, ಒಂದು ನಾಯಿಗೆ, ಒಂದು ಹೆಸರಿಟ್ಟವರಿಗೆ. ನಾಯಿಗೆ ಎಲ್ಲಿ ನೋವು ಅಂತ ನಾಯಿಯನ್ನು ಕೇಳಿದರೆ ಹೇಳುತ್ತದೆಯೇ? ಇವರು ಮಲಗಿ, ಇಲ್ಲಿ, ಇನ್ನೂ ಸ್ವಲ್ಪ ಕೆಳಗೆ, ಒಳಗೆ ಹಿಂಡಿದ ಹಾಗೆ, ಅಂತ ಬೆರಳಿಟ್ಟು ತೋರಿಸುತ್ತಾರೆ. ಡಾಕ್ಟರು ಕೇಳಿಸಿಕೊಂಡು ನಾಯಿಯ ಮೈಮೇಲೆ ಅದೇ ಜಾಗ ಹುಡುಕುತ್ತಾರೆ. ಆ ಆಸ್ಪತ್ರೆಯ ಬಾಗಿಲಲ್ಲಿ ಕೇಳುವ ಮೊದಲ ಮಾತೇ "ಹೆಸರಿಟ್ಟೋರು ಯಾರು?"

ಇನ್ನು ಮನುಷ್ಯರ ಡಾಕ್ಟರು ಅಂದರೆ ಊರಿಗೆಲ್ಲ ಒಬ್ಬರೇ, ಅಂಚೆ ಕಚೇರಿಯ ಪಕ್ಕದ ಎರಡು ಕೋಣೆಯಲ್ಲಿ ಕೂರುವ ಮುದುಕ ರಂಗಾಚಾರ್ಯರು. ಅವರಿಗೂ ಒಂದು ಮಾಮೂಲಿ ಪ್ರಶ್ನೆ ಇತ್ತು. ನಾಡಿ ಹಿಡಿಯುವ ಮುಂಚೆಯೇ "ಮನೆಯಲ್ಲಿ ನಾಯಿ ಇದೆಯೋ?" ಅನ್ನುವರು. ಇದೆ ಅಂದರೆ ಕೈ ಬಿಟ್ಟುಬಿಟ್ಟು ಕೋಟೆಯ ಕಡೆ ತೋರಿಸುವರು. ಅದರಲ್ಲಿ ತಪ್ಪೇನೂ ಯಾರಿಗೂ ಕಾಣುತ್ತಿರಲಿಲ್ಲ. ನೂರಕ್ಕೆ ತೊಂಬತ್ತು ಸಲ ಅವರ ಮಾತು ಸರಿಯಾಗಿಯೇ ಇರುತ್ತಿತ್ತು.

ಮನೆಯಲ್ಲಿ ನಾನು ಮತ್ತು ಅಕ್ಕ ಇಬ್ಬರೇ. ಅಕ್ಕನ ಹೆಸರು ಚಂಪಾ, ಊರಿಗೆಲ್ಲ ಚಂಪಕ್ಕ. ಗಂಡ ಹೋದ ಮೇಲೆ ನನ್ನ ಜೊತೆಗೇ ಬಂದಿದ್ದಳು. ಹಪ್ಪಳ, ಸಂಡಿಗೆ, ಬಾಳಕ ಮಾಡಿ ಅಂಗಡಿಗಳಿಗೆ ಹಾಕುತ್ತಿದ್ದಳು. ನನಗೆ ಮದುವೆ ಮಾಡಿಸಬೇಕೆಂದು ಸುಮಾರು ಓಡಾಡಿ, ಕೊನೆಗೆ "ನಿನ್ನಂಥ ಮೂದೇವಿಗೆ ಯಾರು ಕೊಡ್ತಾರೋ ಹೆಣ್ಣು" ಅಂತ ನನ್ನನ್ನೇ ಬೈದು ಸುಮ್ಮನಾದವಳು. ದಿನಕ್ಕೆ ಒಂದು ಸಲವಾದರೂ ನನ್ನನ್ನು ಬೈಯದಿದ್ದರೆ ಅವಳಿಗೆ ಉಂಡದ್ದು ಅರಗುತ್ತಿರಲಿಲ್ಲ. ಮನೆಗೆ ಬರುವಾಗ ಹೊಸಿಲಲ್ಲೇ ನಿಂತು "ಅಕ್ಕಾ" ಅಂತ ಕೂಗಿ, ಅವಳು ಒಳಗಿಂದ "ಬಂದೆಯಾ ದೊರೆ" ಅಂದ ಮೇಲೆಯೇ ನಾನು ಚಪ್ಪಲಿ ಬಿಡುತ್ತಿದ್ದದ್ದು.

ಒಂದು ಬೇಸಿಗೆಯಲ್ಲಿ ತಾರಸಿ ತುಂಬ ಅರಳಿನ ಸಂಡಿಗೆ ಹರವಿದ್ದಳು. ಎಲ್ಲಿಂದಲೋ ಒಂದು ಕಂದು ಬಣ್ಣದ ಮರಿ ಮೆಟ್ಟಿಲು ಹತ್ತಿ ಬಂದು ಬಿಳಿ ಪಂಚೆಯ ಮೇಲೆ ಓಡಾಡತೊಡಗಿತು. ಅಕ್ಕ ಎರಡು ಕೈಯನ್ನೂ ತಲೆಯ ಮೇಲಿಟ್ಟುಕೊಂಡು "ಅಯ್ಯೋ, ಸಂಡಿಗೆ!" ಅಂದಳು. ಮರಿ ನಿಂತು, ಕತ್ತು ಹೊರಳಿಸಿ, ಅವಳ ಮುಖ ನೋಡಿತು. ಮರುಗಳಿಗೆಯೇ ಅಕ್ಕ ಬಲಗಿವಿ ಹಿಡಿದುಕೊಂಡು ಕುಕ್ಕರಿಸಿದಳು. ಮರಿಯ ಬಲಗಿವಿಯಲ್ಲಿ ಉಣ್ಣಿ ಕಚ್ಚಿಕೊಂಡಿತ್ತು.

ನಾನು ಎಗರಾಡಿದೆ. "ಬಾಯಿ ಮುಚ್ಕೊಂಡು ಇರಕ್ಕಾಗಲ್ವಾ ನಿನಗೆ? ಅಪ್ಪನ ಕಥೆ ಮರ್ತೋಯ್ತಾ?"

"ಸಂಡಿಗೆ ಅಂದೆ ಕಣೋ, ನಾಯಿ ಅನ್ಲಿಲ್ಲ," ಅಂದಳು ಅಕ್ಕ. ಕಿವಿ ಹಿಡಿದುಕೊಂಡೇ ನಗುತ್ತಿದ್ದಳು. "ಹೋಗಿ ಒಂಚೂರು ಎಣ್ಣೆ ತಗೊಂಬಾ. ಅವನ ಉಣ್ಣಿ ತೆಗೆದ್ರೆ ನನ್ನ ಕಿವಿ ಸರಿಹೋಗುತ್ತೆ."

ಹೀಗೆ ಸಂಡಿಗೆ ನಮ್ಮ ಮನೆಯವನಾದ. ನಾನು ಅವನನ್ನು ಎಂದೂ ಕರೆಯಲಿಲ್ಲ. ಬೇರೆಯವರು ಕರೆದರೂ ಅವನು ತಿರುಗುತ್ತಿರಲಿಲ್ಲ ಅನ್ನಿ, ಹೆಸರಿಟ್ಟವರು ಬದುಕಿರುವ ತನಕ ನಾಯಿಗೆ ಅವರ ದನಿಯೊಂದೇ. ಅಕ್ಕ ಅವನಿಗೆ ಹಲ್ಲು ಹುಟ್ಟುವಾಗ ತಾನೂ ವಸಡು ಉಜ್ಜಿಕೊಂಡಳು, ಅವನು ಬೇರೆ ನಾಯಿಗಳ ಜೊತೆ ಕಚ್ಚಾಡಿ ಬಂದಾಗ ತೊಡೆಗೆ ಅರಿಸಿನದ ಪಟ್ಟು ಹಾಕಿಕೊಂಡಳು. ಅದಕ್ಕಾಗಿ ಅವಳು ಕೊರಗಿದ್ದನ್ನು ನಾನು ನೋಡಲಿಲ್ಲ. ಮಕ್ಕಳಿಲ್ಲದವಳು ಅಂತ ಊರಿನವರು ಏನೇನೋ ಹೇಳಿದರು, ಅದೆಲ್ಲ ಸುಳ್ಳು. ಅವಳಿಗೆ ಅವನು ಮಗನಾಗಿರಲಿಲ್ಲ, ಜೊತೆಗಿದ್ದ, ಅಷ್ಟೆ.

ಅವನಿಗೆ ನಡುವಯಸ್ಸು ಬಂದಾಗ ಒಂದು ದಿನ ಅಕ್ಕ ಹಿಟ್ಟು ಮಗುಚುತ್ತಿದ್ದವಳು ಸೌಟು ಬಿಟ್ಟು ಹೊಟ್ಟೆ ಹಿಡಿದುಕೊಂಡಳು. ಎದೆಯ ಗೂಡಿನ ಕೆಳಗೆ ಶುರುವಾಗಿ ಬೆನ್ನಿಗೆ ಇರಿಯುವ ನೋವು. ಹಿತ್ತಲಲ್ಲಿ ಸಂಡಿಗೆ ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿ, ನಮಸ್ಕಾರ ಮಾಡುವವನ ಹಾಗೆ ನಿಂತಿದ್ದ. ಹೊಟ್ಟೆ ನೊಂದ ನಾಯಿ ಹಾಗೆ ನಿಲ್ಲುತ್ತದೆ ಅಂತ ನಮ್ಮೂರಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಆಟೋ ಕರೆಸಿ ಇಬ್ಬರನ್ನೂ ಕೋಟೆಯ ಹಿಂದಕ್ಕೆ ಕರೆದುಕೊಂಡು ಹೋದೆ.

ಹೊಟ್ಟೆಯ ಡಾಕ್ಟರು ಇಂದೂಧರ ಅಂತ. ತೆಳ್ಳಗೆ, ಉದ್ದಕ್ಕೆ, ಮಾತು ಕಡಿಮೆ. ನಾಯಿಯ ಹೊಟ್ಟೆಯ ವಿಷಯದಲ್ಲಿ ಅವರನ್ನು ಮೀರಿಸಿದವರಿಲ್ಲ ಅಂತ ಹೆಸರು ಮಾಡಿದ್ದವರು. ಅಕ್ಕ ಬೆರಳಿಟ್ಟು ತೋರಿಸಿದ್ದನ್ನು ಕೇಳಿ, ಸಂಡಿಗೆಯ ಹೊಟ್ಟೆಯ ಕೂದಲು ಬೋಳಿಸಿ ಸ್ಕ್ಯಾನ್ ಮಾಡಿ, ರಕ್ತ ತೆಗೆಸಿ, ಮೇದೋಜೀರಕ ಗ್ರಂಥಿ ಊದಿಕೊಂಡಿದೆ ಅಂದರು. "ಕರಿದಿದ್ದು ಜಾಸ್ತಿ ತಿಂದಿದೆಯಾ ಅಮ್ಮಾ?" ಅಂತ ಕೇಳಿದಾಗ ಅಕ್ಕ ತಲೆ ತಗ್ಗಿಸಿದಳು. ಕರಿದ ಬಾಣಲಿ ತೊಳೆಯುವ ಮುಂಚೆ ಅವನ ಮುಂದಿಡುವುದು ಅವಳ ಪದ್ಧತಿ. ಡ್ರಿಪ್ ಹಾಕಿದರು, ಸೂಜಿ ಹಾಕಿದರು, ಎಣ್ಣೆ ಜಿಡ್ಡು ಸೋಕದ ಅನ್ನ, ಬೇಯಿಸಿದ ಸೋರೆಕಾಯಿ ಬಿಟ್ಟು ಬೇರೇನೂ ಕೊಡಕೂಡದು ಅಂದರು. ಕೆಲವೇ ದಿನದಲ್ಲಿ ಸಂಡಿಗೆ ಬಾಲ ಅಲ್ಲಾಡಿಸಿಕೊಂಡು ಓಡಾಡಿದ. ಇಂದೂಧರ ಡಾಕ್ಟರು ಅಕ್ಕನನ್ನು ಮೇಜಿನ ಮೇಲೆ ಮಲಗಿಸಿ ಕೇಳಿದರು, "ಹೋಯ್ತಾ ಅಮ್ಮಾ?"

ಅಕ್ಕ ಸ್ವಲ್ಪ ಹೊತ್ತು ಒಳಗೊಳಗೇ ಹುಡುಕಿಕೊಂಡಳು. "ಅರ್ಧ ಹೋಯ್ತು ಡಾಕ್ಟ್ರೇ," ಅಂದಳು.

ಆ ಅರ್ಧ ಅನ್ನುವ ಮಾತು ನಮ್ಮ ಮನೆ ಹಾಳುಮಾಡಿತು. ಅರ್ಧ ಹೋಗಿದೆ ಅಂದ ಮೇಲೆ ಇನ್ನರ್ಧ ಎಲ್ಲಿದೆ? ನಾಯಿಯ ಹೊಟ್ಟೆಯಲ್ಲೇ ಇರಬೇಕು, ಇನ್ನೆಲ್ಲಿರುತ್ತದೆ? ಡಾಕ್ಟರಿಗೂ ಹಾಗೇ ಅನ್ನಿಸಿತು, ನನಗೂ ಹಾಗೇ, ಅಕ್ಕನಿಗೂ ಹಾಗೇ. ನಮ್ಮೂರಿನ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು. ಆಮೇಲೆ ಶುರುವಾಯಿತು ಹುಡುಕಾಟ. ಬಾಯಿಂದ ಕೊಳವೆ ಇಳಿಸಿ ಸಂಡಿಗೆಯ ಜಠರ ನೋಡಿದರು. ಕರುಳು ನೋಡಿದರು. ಪಿತ್ತಕೋಶ ನೋಡಿದರು. ನೋವಿನ ಸೂಜಿಯನ್ನು ಅವನಿಗೆ ಹಾಕಿದಾಗಲೆಲ್ಲ ಅಕ್ಕ "ಏನೋ ಒಂಚೂರು ಕಮ್ಮಿ ಅನ್ಸುತ್ತೆ" ಅನ್ನುವಳು. ಅಷ್ಟು ಜನ ಆಸೆಯಿಂದ ಮುಖವನ್ನೇ ನೋಡುತ್ತಿದ್ದರೆ ಪಾಪ ಅವಳಾದರೂ ಇನ್ನೇನು ಹೇಳಿಯಾಳು?

ಅಕ್ಕ ಇಳಿದುಹೋದಳು. ಬಳೆ ಮೊಣಕೈ ದಾಟಿ ಮೇಲೇರುತ್ತಿತ್ತು. ಸಂಡಿಗೆ ತಿನ್ನುವ ಸಪ್ಪೆ ಅನ್ನವನ್ನೇ ತಾನೂ ತಿನ್ನುತ್ತಾಳೆ, ಅದಕ್ಕೇ ಸೊರಗಿದ್ದಾಳೆ ಅಂತ ನಾನು ಅಂದುಕೊಂಡೆ, ಬೈದೂ ಬೈದೆ. ಒಂದು ಸಲ ಅನುಮಾನ ಬಂದು ರಂಗಾಚಾರ್ಯರ ಹತ್ತಿರ ಕರೆದುಕೊಂಡು ಹೋದೆ. ಅವರು "ಮನೆಯಲ್ಲಿ ನಾಯಿ ಇದೆಯೋ?" ಅಂದರು. ಇದೆ, ಹೊಟ್ಟೆಗೇ ಔಷಧಿ ನಡೀತಿದೆ ಅಂದೆ. "ಮತ್ತೆ ಇಲ್ಲಿಗೆ ಯಾಕೆ ಬಂದ್ರಿ? ಇಂದೂಧರ ನೋಡ್ತಿದಾನಲ್ಲ, ಅವನಿಗಿಂತ ಬೇಕೇ?" ಅಂತ ಗದರಿಸಿ ಕಳಿಸಿದರು. ಅತ್ತ ಸಂಡಿಗೆ ಮೈತುಂಬಿಕೊಂಡು ಮಿರಮಿರ ಮಿಂಚುತ್ತಿದ್ದ. ನೋಡಿದವರೆಲ್ಲ, ಪರವಾಗಿಲ್ಲ, ನಾಯಿ ಚೇತರಿಸಿಕೊಳ್ಳುತ್ತಿದೆ ಅನ್ನುತ್ತಿದ್ದರು.

ಕೊನೆಗೆ ಇಂದೂಧರ ಡಾಕ್ಟರು ಹೊಟ್ಟೆ ತೆರೆದೇ ನೋಡೋಣ ಅಂದರು. ನಮ್ಮೂರಿನ ಆಪರೇಷನ್ನಿನ ಕ್ರಮ ಹೀಗೆ: ಒಂದು ಮೇಜಿನ ಮೇಲೆ ನಾಯಿ, ಪಕ್ಕದ ಮಂಚದ ಮೇಲೆ ಹೆಸರಿಟ್ಟವರು. ನಾಯಿಗೆ ಮತ್ತಿನ ಔಷಧಿ ಕೊಟ್ಟ ಹಾಗೆ ಇವರ ನೋವು ಕರಗುತ್ತ ಬರುತ್ತದೆ, ಎಚ್ಚರವಾಗಿಯೇ ಇರುತ್ತಾರೆ. ನೋವು ಪೂರ್ತಿ ಹೋದ ಮೇಲೆ "ಹೋಯ್ತು" ಅನ್ನಬೇಕು. ಆ ಮಾತು ಕಿವಿಗೆ ಬೀಳುವ ತನಕ ಯಾವ ಡಾಕ್ಟರೂ ಕತ್ತಿ ಹಿಡಿಯುವುದಿಲ್ಲ. ಮನೆಯವರೊಬ್ಬರನ್ನು ಒಳಗೆ ಬಿಡುತ್ತಾರೆ. ಹಸಿರು ಬಟ್ಟೆ ಹಾಕಿಕೊಂಡು ನಾನು ಅಕ್ಕನ ತಲೆಯ ಹತ್ತಿರ ನಿಂತಿದ್ದೆ.

ಸಂಡಿಗೆಯ ಕಣ್ಣು ಮುಚ್ಚಿತು. ಡಾಕ್ಟರು ಕೇಳಿದರು, "ಹೋಯ್ತಾ ಅಮ್ಮಾ?"

"ಇಲ್ಲ. ಇದೆ."

ಮತ್ತಿನ ಔಷಧಿ ಇನ್ನಷ್ಟು ಬಿಟ್ಟರು. ಕಾದರು. "ಈಗ?"

"ಇದೆ ಡಾಕ್ಟ್ರೇ. ಹಂಗೇ ಇದೆ."

ಇನ್ನೂ ಬಿಟ್ಟರು. ಸಂಡಿಗೆಯ ನಾಲಿಗೆ ಹೊರಗೆ ಜೋತುಬಿದ್ದಿತ್ತು, ಅದರ ಬಣ್ಣ ಬದಲಾಗುತ್ತಿರುವುದು ನನಗೂ ಕಾಣಿಸಿತು. ಎದೆಬಡಿತ ತೋರಿಸುವ ಯಂತ್ರದ ಸದ್ದು ಎರಡು ಬಡಿತದ ನಡುವೆ ತುಂಬ ಹೊತ್ತು ತೆಗೆದುಕೊಳ್ಳುತ್ತಿತ್ತು. ಮತ್ತಿನ ಔಷಧಿ ಕೊಡುವವರು ಡಾಕ್ಟರ ಮುಖ ನೋಡಿದರು. "ಇನ್ನು ಕೊಟ್ಟರೆ ಏಳಲ್ಲ ಸರ್," ಅಂದರು. ಇಂದೂಧರ ಡಾಕ್ಟರು ಅಕ್ಕನ ಕಡೆ ತಿರುಗಿದರು. "ಅಮ್ಮಾ, ಸರಿಯಾಗಿ ನೋಡ್ಕೊಂಡು ಹೇಳಿ. ಹೋಯ್ತಾ?"

ಅಕ್ಕ ಕತ್ತು ಹೊರಳಿಸಿ ಪಕ್ಕದ ಮೇಜು ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ನನ್ನ ಬೆರಳು ಹಿಡಿದು ಎಳೆದಳು, ನಾನು ಬಗ್ಗಿದೆ. "ಗುರುಪಾದ," ಅಂದಳು ಮೆಲ್ಲಗೆ. ನನ್ನ ಪೂರ್ತಿ ಹೆಸರು ಹಿಡಿದು ಅವಳು ಎಂದೂ ಕರೆದವಳಲ್ಲ. "ಇದು ಸಂಡಿಗೇದಲ್ಲ ಕಣೋ. ನಂದು."

ನನಗೆ ಅರ್ಥವಾಗುವ ಮೊದಲೇ ಅವಳು ಎದ್ದು ಕುಳಿತಿದ್ದಳು. "ನಿಲ್ಲಿಸಿ ಡಾಕ್ಟ್ರೇ. ಮೊದ್ಲು ಅವನ್ನ ಎಬ್ಬಿಸಿ. ಅವನಿಗೇನೂ ಆಗಿಲ್ಲ."

ಮತ್ತಿಳಿಸುವ ಔಷಧಿ ಕೊಟ್ಟು, ಗಾಳಿ ಊದಿ, ಎದೆ ತಿಕ್ಕಿ, ಅಂತೂ ಸಂಡಿಗೆ ಒಂದು ಉಸಿರು ಎಳೆದುಕೊಂಡ. ಅದಾದ ಮೇಲೆ ಇಂದೂಧರ ಡಾಕ್ಟರು ಮಂಚದ ಹತ್ತಿರ ಬಂದರು. ಕೈಗವಸು ತೆಗೆದರು. ಮನುಷ್ಯರ ಮೈ ಮುಟ್ಟಿ ಅವರಿಗೆ ರೂಢಿಯಿರಲಿಲ್ಲ, ಕೈ ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲೇ ನಿಂತಿತು. ಆಮೇಲೆ ನಾಯಿಯ ಹೊಟ್ಟೆ ನೋಡುವ ಹಾಗೆಯೇ ಎರಡು ಕಡೆಯಿಂದ ಅಂಗೈ ಒತ್ತಿ ನಿಧಾನಕ್ಕೆ ಸರಿಸುತ್ತ ಬಂದರು. ಒಂದು ಕಡೆ ಅವರ ಬೆರಳು ನಿಂತುಬಿಟ್ಟವು.

"ಯಾವಾಗಿಂದ ಇದೆ ಅಮ್ಮಾ ಇದು?" ಅಂದರು.

"ಅರ್ಧ ಅಂದ್ನಲ್ಲಾ," ಅಂದಳು ಅಕ್ಕ, "ಅವಾಗಿಂದ."

ದೂರದ ನಗರಕ್ಕೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರು ಮೊದಲು ಬಂದಿದ್ದರೆ ಏನಾದರೂ ಮಾಡಬಹುದಿತ್ತು ಅಂದರು, ಇಷ್ಟು ದಿನ ಏನು ಮಾಡುತ್ತಿದ್ದಿರಿ ಅಂತ ಕೇಳಿದರು. ನಾಯಿಗೆ ಔಷಧಿ ಮಾಡಿಸುತ್ತಿದ್ದೆವು ಅಂದರೆ ಅವರಿಗೆ ಹೇಗೆ ಅರ್ಥವಾಗಬೇಕು? ಊರಿಗೆ ವಾಪಸು ಬಂದೆವು. ರಂಗಾಚಾರ್ಯರು ತಾವಾಗಿಯೇ ಮನೆಗೆ ಬಂದು, ಅಕ್ಕನ ಪಕ್ಕದಲ್ಲಿ ಕೂತು, ಬಾಯಿಗೆ ಟವೆಲು ಒತ್ತಿಕೊಂಡು ಅತ್ತರು. ಅವರನ್ನು ಸಮಾಧಾನ ಮಾಡುವ ಕೆಲಸವೂ ಅಕ್ಕನ ತಲೆಗೇ ಬಂತು.

ಆ ದಿನಗಳಲ್ಲಿ ನನಗೆ ಸಂಡಿಗೆಯನ್ನು ಕಂಡರೆ ಆಗುತ್ತಿರಲಿಲ್ಲ. ಬೋಳಿಸಿದ ಅವನ ಹೊಟ್ಟೆಯ ಮೇಲೆ ಹೊಸ ಕೂದಲು ಬರುತ್ತಿತ್ತು. ದಿನ ಕಳೆದ ಹಾಗೆ ಅದು ಸೊಂಪಾಯಿತು, ಅಕ್ಕ ಒಣಗಿದಳು. ಗಟ್ಟಿಮುಟ್ಟಾದ ಆ ಹೊಟ್ಟೆ ನೋಡಿದರೆ ಒದ್ದುಬಿಡೋಣ ಅನ್ನಿಸುತ್ತಿತ್ತು. ಒದ್ದರೆ ನೋಯುವುದು ಯಾರಿಗೆ ಅಂತ ಗೊತ್ತಿತ್ತಲ್ಲ, ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ. ಅಕ್ಕನಿಗೆ ಎಲ್ಲವೂ ತಿಳಿಯುತ್ತಿತ್ತು. "ಅವನ ಮೇಲೆ ಯಾಕೋ ಸಿಟ್ಟು ನಿನಗೆ?" ಅನ್ನುವಳು. "ನಂದು ಅವನಿಗೆ ಹೋಗಲ್ಲ, ಪುಣ್ಯ. ಹೋಗಿದ್ರೆ ಇಷ್ಟೊತ್ತಿಗೆ ಸತ್ತೇಹೋಗ್ತಿದ್ದ."

ಹಾಸಿಗೆ ಹಿಡಿದ ಮೇಲೂ ಅವಳು ಅವನ ಸುದ್ದಿ ಹೇಳುತ್ತಲೇ ಇದ್ದಳು. ಎಡಗಾಲಿನ ಬೆರಳ ಸಂದಿಯಲ್ಲಿ ನೆಗ್ಗಿಲುಮುಳ್ಳು ಇದೆ ನೋಡು ಅನ್ನುವಳು, ನೋಡಿದರೆ ಇರುತ್ತಿತ್ತು. ಒಂದು ದಿನ ಎದೆಯ ಮೇಲೆ ಕೈಯಿಟ್ಟುಕೊಂಡು, "ಇಲ್ಲೇನೋ ಬಿಗಿತ ಕಣೋ, ಯಾರೋ ಗಂಟು ಹಾಕಿದ ಹಂಗೆ. ಇದು ನಂದೋ ಅವನ್ದೋ ಗೊತ್ತಾಗ್ತಿಲ್ಲ," ಅಂದಳು. ಈ ಸಲ ಯಾರೂ ನಾಯಿಯ ಕಡೆ ನೋಡಲಿಲ್ಲ. ಅವಳಿಗೇ ಕಾಯಿಲೆ ಅಂತ ತೀರ್ಮಾನವಾದ ಮೇಲೆ ಎಲ್ಲ ನೋವೂ ಅವಳ ಲೆಕ್ಕಕ್ಕೇ. ಮಲಗಿದ್ದವಳಿಗೆ ದಿಂಬು ಎತ್ತರ ಮಾಡಿದೆ, ಅಷ್ಟೆ.

ಹೆಸರಿಟ್ಟವರು ಸತ್ತ ನಾಯಿಯನ್ನು ನಮ್ಮೂರಿನಲ್ಲಿ ಬರಿನಾಯಿ ಅನ್ನುತ್ತಾರೆ. ಹೆಸರೂ ಅವರ ಜೊತೆಗೇ ಹೋಗುತ್ತದೆ. ಬರಿನಾಯಿಗಳು ಸಂತೆಮಾಳದಲ್ಲಿ ಇರುತ್ತವೆ. ಜನ ಅನ್ನ ಹಾಕುತ್ತಾರೆ, ಆದರೆ ಬಾಯಿ ಬಿಗಿದುಕೊಂಡು ಹಾಕಿ ಬೇಗ ಬೇಗ ಬಂದುಬಿಡುತ್ತಾರೆ. ಅವಕ್ಕೆ ಏನಾದರೂ ಆದರೆ ಎಲ್ಲಿ ನೋಯುತ್ತದೆ ಅಂತ ಹೇಳುವವರಿಲ್ಲ, ಆಸ್ಪತ್ರೆಗೆ ಕರೆದೊಯ್ಯುವವರೂ ಇಲ್ಲ. ಅಕ್ಕನಿಗೆ ಕೊನೆಯಲ್ಲಿ ಇದ್ದದ್ದು ಅದೊಂದೇ ಚಿಂತೆ. ತನ್ನ ಸಾವಿನ ಮಾತು ಅವಳು ಆಡಲೇ ಇಲ್ಲ. "ಸಂತೆಮಾಳಕ್ಕೆ ಮಾತ್ರ ಬಿಡಬೇಡ," ಅಂದಳು. "ಕರಿ ಅಂತ ನಾನು ಹೇಳಲ್ಲ. ನಿನಗೆ ಭಯ, ನನಗ್ಗೊತ್ತು. ಸುಮ್ನೆ ಹಿತ್ತಲಲ್ಲಿ ಬಿದ್ಕೊಂಡಿರಲಿ."

ನಿನಗೆ ಭಯ ಅನ್ನುವ ಮಾತನ್ನು ಅವಳು ಬೈಗುಳವಾಗಿ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಪ್ರೀತಿಯಿಂದ ಅಂದಳು. ನಾನು ಎದ್ದು ಹೊರಗೆ ಹೋಗಿ ನೀರಿನ ತೊಟ್ಟಿಯ ಹತ್ತಿರ ನಿಂತುಕೊಂಡೆ.

ಅಕ್ಕ ಒಂದು ಬೆಳಿಗ್ಗೆ, ಜುಬೇದಾಬಿ ಗಂಜಿ ತಂದು ಇನ್ನೂ ಚಮಚ ಹುಡುಕುತ್ತಿರುವಾಗಲೇ ಹೋಗಿಬಿಟ್ಟಳು. ಹಿತ್ತಲಲ್ಲಿ ಮಲಗಿದ್ದ ನಾಯಿ ತಲೆಯೆತ್ತಿತು. ಅಳುವ ಬದಲು ಅದು ಗಾಳಿ ಮೂಸಿ ನೋಡುತ್ತಿತ್ತು. ಇನ್ನು ಅದಕ್ಕೆ ಹೆಸರಿರಲಿಲ್ಲ.

ಆಮೇಲಿನ ದಿನಗಳನ್ನು ಏನಂತ ಹೇಳಲಿ. ಬೆಳಿಗ್ಗೆ ಅನ್ನ ಹಾಕುತ್ತಿದ್ದೆ, ಗೋಡೆ ನೋಡಿಕೊಂಡು. ಅಂಗಡಿಗೆ ಹೋಗುತ್ತಿದ್ದೆ. ಒಂದೇ ಮನೆಯಲ್ಲಿ ಇಬ್ಬರು ಇದ್ದೆವು, ಒಬ್ಬರಿಗೊಬ್ಬರು ಮುಖ ಕೊಡದೆ. ಒಂದೆರಡು ಸಲ ಧೈರ್ಯ ತಂದುಕೊಂಡು "ಸಂಡಿಗೆ" ಅಂತ ಕರೆದೂ ನೋಡಿದೆ. ಅದರ ಕಿವಿ ಕೂಡ ಅಲ್ಲಾಡಲಿಲ್ಲ. ಸದ್ಯ ಅಂದುಕೊಂಡೆ, ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯೂ ಆಯಿತು. ಅದು ದಿನೇದಿನೇ ಮಂಕಾಗುತ್ತಿತ್ತು. ಮೆಟ್ಟಿಲು ಹತ್ತುವಾಗ ನಿಂತು ಉಸಿರು ತೆಗೆದುಕೊಳ್ಳುತ್ತಿತ್ತು, ಒಂದು ಥರದ ಒಣಕೆಮ್ಮು ಬೇರೆ. ಅಕ್ಕನಿಲ್ಲದ ಕೊರಗು ಅಂತ ಜುಬೇದಾಬಿ ಅಂದಳು. ನನಗೂ ಅದೇ ಕೊರಗು ಇದ್ದುದರಿಂದ ಅದರಲ್ಲಿ ಹೊಸದೇನೂ ಕಾಣಲಿಲ್ಲ.

ಒಂದು ಮಧ್ಯಾಹ್ನ ಅಂಗಡಿ ಬೇಗ ಮುಚ್ಚಿ ಬಂದೆ. ಅವತ್ತು ಒಂದು ಹಳೆಯ ಯಂತ್ರ, ಎಷ್ಟೋ ದಿನದಿಂದ ಕೈಕೊಡುತ್ತಿದ್ದದ್ದು, ಸರಿಹೋಗಿತ್ತು. ಅಪರೂಪಕ್ಕೆ ಮನಸ್ಸು ಸ್ವಲ್ಪ ಹಗುರಾಗಿತ್ತು. ಆ ಗುಂಗಿನಲ್ಲಿ ಹೊಸಿಲ ಮೇಲೆ ನಿಂತು, ಚಪ್ಪಲಿ ಬಿಡುವ ಮುಂಚೆ, ಎಷ್ಟೋ ವರ್ಷದ ಅಭ್ಯಾಸ, "ಅಕ್ಕಾ" ಅಂತ ಕೂಗಿದೆ.

ನಡುಮನೆಯಲ್ಲಿ ಬೆನ್ನು ಮಾಡಿ ಮಲಗಿದ್ದ ನಾಯಿ ಕತ್ತು ಹೊರಳಿಸಿ ನನ್ನ ಮುಖ ನೋಡಿತು.

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಹೊಟ್ಟೆ ಮುಟ್ಟಿ ನೋಡಿಕೊಂಡೆ, ಅಲ್ಲಿ ಏನೂ ಇರಲಿಲ್ಲ. ಆದರೆ ಎದೆ ಬಿಗಿದುಕೊಂಡಿತು, ಯಾರೋ ಗಂಟು ಹಾಕಿದ ಹಾಗೆ. ಉಸಿರು ಅರ್ಧಕ್ಕೇ ನಿಂತುಬಿಡುತ್ತಿತ್ತು. ಅಕ್ಕನನ್ನು ಕೂಗಿ, ಅವಳಿಲ್ಲ ಅಂತ ನೆನಪಾದ ನೋವು ಇರಬೇಕು ಅಂದುಕೊಂಡು ಹೊಸಿಲ ಮೇಲೇ ಕೂತೆ. ನಾಯಿ ಎದ್ದು ಬಂದು ನನ್ನ ಮೊಣಕಾಲಿಗೆ ಗಲ್ಲ ಊರಿತು. ಪಕ್ಕದ ಜಗುಲಿಯಿಂದ ಜುಬೇದಾಬಿ ಎಲ್ಲವನ್ನೂ ನೋಡುತ್ತಿದ್ದಳು.

"ತಿರುಗ್ತಾ?" ಅಂದಳು.

ತಲೆಯಾಡಿಸಿದೆ.

"ಏನಂದ್ರಿ ಅದಕ್ಕೆ?"

ಹೇಳಿದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಏದುಸಿರು ಬಿಡುತ್ತಲೇ ಎದ್ದಳು. "ಕೂತ್ಕೋಬೇಡಿ ಭಾಯಿ. ಚಂಪಕ್ಕ ಎದೆ ಎದೆ ಅಂತಿದ್ರಲ್ಲ, ಇದೇ ಇರಬೇಕು. ಏಳಿ, ಆಟೋ ಕರೀತೀನಿ."

ಆ ಆಸ್ಪತ್ರೆಯ ಮೆಟ್ಟಿಲು ಇನ್ನು ಹತ್ತುವುದಿಲ್ಲ ಅಂತ ಆಣೆ ಮಾಡಿಕೊಂಡಿದ್ದೆ. ಹತ್ತಿದೆ. ಹತ್ತುವಾಗ ನಾನೂ ನಾಯಿಯೂ ಒಂದೇ ಕಡೆ ನಿಂತು ಉಸಿರು ತೆಗೆದುಕೊಂಡೆವು. ಬಾಗಿಲಲ್ಲಿ ಕೂತವನು ಎಂದಿನಂತೆ ಕೇಳಿದ, "ಹೆಸರಿಟ್ಟೋರು ಯಾರು?"

"ನಾನು."

"ಹೆಸರು?"

"ಅಕ್ಕ."

"ಅಲ್ಲ ಸಾರ್, ನಾಯಿದು ಕೇಳಿದ್ದು."

"ಅದೇನೇ."

ಅವನು ನನ್ನನ್ನೊಮ್ಮೆ, ಗಂಡು ನಾಯಿಯನ್ನೊಮ್ಮೆ ನೋಡಿ, ಹಾಗೇ ಬರೆದುಕೊಂಡು ಒಳಗೆ ಬಿಟ್ಟ. ಹೃದಯದ ಡಾಕ್ಟರಮ್ಮ ನಾಯಿಯನ್ನು ಮಗ್ಗುಲಿಗೆ ಮಲಗಿಸಿ ಸ್ಕ್ಯಾನ್ ಮಾಡಿದರು. ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ, ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ, ಬಹಳ ದಿನದಿಂದ ಇದ್ದಿರಬೇಕು ಅಂದರು. ಬಹಳ ದಿನದಿಂದ ಅಂದಾಗ ನನಗೆ ಎತ್ತರ ಮಾಡಿದ ದಿಂಬಿನ ನೆನಪಾಯಿತು. ವಾಸಿಯಾಗುವ ಕಾಯಿಲೆಯಲ್ಲ, ಆದರೆ ಮಾತ್ರೆ ತಪ್ಪಿಸದಿದ್ದರೆ ಒಂದಷ್ಟು ಕಾಲ ನೆಮ್ಮದಿಯಾಗಿರುತ್ತದೆ ಅಂತ ಹೇಳಿ, ನೀರು ಇಳಿಯುವುದಕ್ಕೆ ಸೂಜಿ ಹಾಕಿದರು. ನಾನು ಪಕ್ಕದ ಮೇಜಿನ ಮೇಲೆ, ಹಿಂದೆ ಅಕ್ಕ ಮಲಗುತ್ತಿದ್ದಂಥದೇ ಮೇಜಿನ ಮೇಲೆ, ಚಾವಣಿ ನೋಡುತ್ತ ಮಲಗಿದ್ದೆ.

ಸುದ್ದಿ ತಿಳಿದು ಇಂದೂಧರ ಡಾಕ್ಟರು ಬಂದಿದ್ದರು. ನನ್ನ ಹತ್ತಿರಕ್ಕೆ ಬಾರದೆ ನಾಯಿಯ ತಲೆ ಸವರುತ್ತ ನಿಂತಿದ್ದರು. ಮುದುಕರ ಹಾಗೆ ಕಂಡರು. ಅವರನ್ನು ಕಂಡರೆ ಬೈಯಬೇಕೆಂದು ಎಷ್ಟೋ ಮಾತು ಕೂಡಿಟ್ಟುಕೊಂಡಿದ್ದೆ, ಒಂದೂ ಬಾಯಿಗೆ ಬರಲಿಲ್ಲ. ಸುಮಾರು ಹೊತ್ತಿನ ಮೇಲೆ ಎದೆಯ ಗಂಟು ಸಡಿಲವಾಗತೊಡಗಿತು. ನಾಯಿಯ ಹೊಟ್ಟೆ ನಿಧಾನವಾಗಿ ಏರಿ ಇಳಿಯುತ್ತಿತ್ತು, ನನ್ನ ಉಸಿರೂ ಅದರ ಜೊತೆಗೇ ಏರಿ ಇಳಿಯಿತು.

"ಹೋಯ್ತಾ?" ಅಂತ ಡಾಕ್ಟರಮ್ಮ ಕೇಳಿದರು.

ನಾನು ಒಳಗೊಳಗೇ ಹುಡುಕಿಕೊಂಡೆ. ಸುಳ್ಳು ಹೇಳುವ ಜಾಗವಲ್ಲ ಅದು. "ಅರ್ಧ ಹೋಯ್ತು," ಅಂದೆ.

ಡಾಕ್ಟರಮ್ಮ ಇನ್ನೊಂದು ಸೂಜಿಗೆ ಕೈ ಚಾಚಿದರು. ಇಂದೂಧರ ಡಾಕ್ಟರು ಬೇಡ ಅನ್ನುವಂತೆ ಕೈ ಅಡ್ಡ ಹಿಡಿದರು. ನಿಧಾನಕ್ಕೆ ನನ್ನ ಮೇಜಿನ ಹತ್ತಿರ ಬಂದು, ನನ್ನ ಎದೆಯ ಮೇಲೆ ಅಂಗೈ ಇಟ್ಟರು. ಈ ಸಲ ಆ ಕೈ ತಡವರಿಸಲಿಲ್ಲ. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದು, "ಊಟ ಸರಿಯಾಗಿ ಆಗ್ತಿದೆಯಾ?" ಅಂದರು.

"ಬೆಳಿಗ್ಗೆ ತಿನ್ನುತ್ತೆ ಡಾಕ್ಟ್ರೇ. ಸಾಯಂಕಾಲ ಅಷ್ಟಕ್ಕಷ್ಟೆ."

"ಅದನ್ನಲ್ಲ," ಅಂದರು ಅವರು. "ನಿಮ್ಮನ್ನ ಕೇಳಿದ್ದು."

ಆ ಆಸ್ಪತ್ರೆಯಲ್ಲಿ ಆ ಪ್ರಶ್ನೆಯನ್ನು ಯಾರಾದರೂ ಯಾರಿಗಾದರೂ ಕೇಳಿದ್ದನ್ನು ನಾನು ಕೇಳಿರಲಿಲ್ಲ. ಆಗ ಅತ್ತೆ. ಅಕ್ಕ ಹೋದಾಗಲೂ ಹಾಗೆ ಅತ್ತಿರಲಿಲ್ಲ. ಮುಖ ಮುಚ್ಚಿಕೊಳ್ಳುವುದಕ್ಕೂ ಹೋಗಲಿಲ್ಲ, ಮೇಜಿನ ಮೇಲೆ ಅಂಗಾತ ಮಲಗಿಕೊಂಡೇ ಅತ್ತೆ. ಅವರು ಕೈ ತೆಗೆಯಲಿಲ್ಲ. ನಾಯಿ ತನ್ನ ಮೇಜಿನಿಂದ ನನ್ನನ್ನೇ ನೋಡುತ್ತಿತ್ತು. ನನ್ನದು ಅದಕ್ಕೆ ಹೋಗುವುದಿಲ್ಲ, ಅಷ್ಟು ಪುಣ್ಯ.

ಮಾತ್ರೆ ತೆಗೆದುಕೊಂಡು ಹೊರಗೆ ಬಂದಾಗ ಇನ್ನೂ ಬೆಳಕಿತ್ತು. ಅಂಗಳದಲ್ಲಿ ತಮ್ಮ ತಮ್ಮ ನಾಯಿಬೆಕ್ಕು ಹಿಡಿದುಕೊಂಡು ಜನ ಕೂತಿದ್ದರು, ಒಬ್ಬರು ಮೊಣಕಾಲು ತಿಕ್ಕಿಕೊಳ್ಳುತ್ತ, ಒಬ್ಬರು ಕಣ್ಣು ಒರೆಸಿಕೊಳ್ಳುತ್ತ. ನಮ್ಮದು ಮೆಟ್ಟಿಲಿಳಿದು ಬೇಲಿಯ ಬುಡ ಮೂಸುತ್ತ ಹಿಂದೆಯೇ ಉಳಿದುಬಿಟ್ಟಿತು. ಚ್ ಚ್ ಅನ್ನೋಣವೆಂದು ನಾಲಿಗೆ ಎತ್ತಿದವನು ಅದನ್ನು ಬಿಟ್ಟುಬಿಟ್ಟೆ. ಅಷ್ಟೂ ಜನರ ಎದುರಿಗೆ ಬಾಯಿತುಂಬ ಕರೆದೆ.

"ಅಕ್ಕಾ, ಬಾ. ಮನೆಗೆ ಹೋಗೋಣ."

ಜನ ತಿರುಗಿ ನೋಡಿದರು. ಅದೂ ತಿರುಗಿ ನೋಡಿತು.